ನಡುರಾತ್ರಿಯ ಗಾಬರಿ: ನಿದ್ದೆಯಿಂದ ಬೆಚ್ಚಿ ಏಳುವವರ ದೇಹ, ಭಯ ಮತ್ತು ಚಿಕಿತ್ಸೆ

ರಾತ್ರಿ ಊಟ ಮುಗಿಸಿ, ಹತ್ತೂವರೆ ಹನ್ನೊಂದಕ್ಕೆ ಮಲಗಿ, ಯಾವ ತೊಂದರೆಯೂ ಇಲ್ಲದೆ ನಿದ್ದೆ ಹೋದ ಮನುಷ್ಯ ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ದಿಗ್ಗನೆ ಎದ್ದು ಕೂರುತ್ತಾನೆ. ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಎಷ್ಟು ಎಳೆದರೂ ಉಸಿರು ಸಾಲುವುದಿಲ್ಲ. ಬನಿಯನ್ ಬೆವರಿನಿಂದ ಒದ್ದೆ, ಕೈಕಾಲು ತಣ್ಣಗೆ, ಬೆರಳ ತುದಿಯಲ್ಲಿ ಜುಮ್ಮು. ಇನ್ನೇನು ಪ್ರಾಣ ಹೋಗುತ್ತದೆ ಎಂಬ ಖಚಿತ ಭಾವ ಮನಸ್ಸನ್ನು ಹಿಡಿದುಬಿಡುತ್ತದೆ. ಕೆಟ್ಟ ಕನಸು ಬಿದ್ದ ನೆನಪಿಲ್ಲ, ಯಾವ ಸದ್ದಿಗೂ ಎಚ್ಚರವಾದದ್ದಲ್ಲ. ಹತ್ತು ನಿಮಿಷದೊಳಗೆ ಇದು ತುದಿ ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿದುಹೋಗುತ್ತದೆ. ಆದರೆ ಆಮೇಲೆ ನಿದ್ದೆ ಬರುವುದಿಲ್ಲ. ವೈದ್ಯಶಾಸ್ತ್ರ ಇದನ್ನು ನಿದ್ದೆಯಲ್ಲಿ ಬರುವ ಪ್ಯಾನಿಕ್ ಅಟ್ಯಾಕ್ ಎಂದು ಗುರುತಿಸುತ್ತದೆ.

ಹಗಲಿನಲ್ಲಿ ಬರುವ ಪ್ಯಾನಿಕ್ ಅಟ್ಯಾಕಿಗೂ ಇದಕ್ಕೂ ಲಕ್ಷಣಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಎದೆಬಡಿತ, ಬೆವರು, ನಡುಕ, ಉಸಿರುಕಟ್ಟು, ಗಂಟಲು ಬಿಗಿತ, ಎದೆನೋವು, ಹೊಟ್ಟೆ ತೊಳಸು, ತಲೆಸುತ್ತು, ಮೈ ಬಿಸಿಯೇರುವುದು ಅಥವಾ ಚಳಿ, ಜುಮ್ಮು, ಸುತ್ತಲಿನದೆಲ್ಲ ಸುಳ್ಳೆನಿಸುವುದು, ಹುಚ್ಚು ಹಿಡಿಯುತ್ತದೆಂಬ ಭಯ, ಸಾವಿನ ಭಯ ಎಂಬ 13 ಲಕ್ಷಣಗಳಲ್ಲಿ ನಾಲ್ಕಾದರೂ ಒಟ್ಟಿಗೆ, ಥಟ್ಟನೆ ಏರಿ ಬಂದರೆ ಅದು ಪೂರ್ಣ ಪ್ರಮಾಣದ ಅಟ್ಯಾಕ್. ಇವು ಮರುಕಳಿಸಿ, ಮತ್ತೆ ಯಾವಾಗ ಬರುತ್ತದೋ ಎಂಬ ಆತಂಕ ಒಂದು ತಿಂಗಳಾದರೂ ಬೆನ್ನು ಬಿಡದಿದ್ದರೆ ಅದು ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆ. ಈ ಕಾಯಿಲೆ ಇರುವವರಲ್ಲಿ ನೂರಕ್ಕೆ 44ರಿಂದ 71 ಮಂದಿಗೆ ಒಮ್ಮೆಯಾದರೂ ನಿದ್ದೆಯಿಂದ ಎಬ್ಬಿಸುವ ಅಟ್ಯಾಕ್ ಬಂದಿರುತ್ತದೆ ಎಂದು ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ಮೂರರಲ್ಲಿ ಒಬ್ಬರಿಗೆ ಅದು ಪದೇ ಪದೇ ಬರುತ್ತದೆ. ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತೈದರ ಪ್ರಾಯದಲ್ಲಿ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡರಷ್ಟು.

ರಾತ್ರಿಯ ಗಾಬರಿಯನ್ನು ಹಗಲಿನದರಿಂದ ಬೇರ್ಪಡಿಸಿ ನೋಡಬೇಕಾದ ಕಾರಣ ಒಂದಿದೆ. ಹಗಲಿನಲ್ಲಿ ಬಂದರೆ ಮನೆಯವರು 'ಏನೇನೋ ಯೋಚನೆ ಮಾಡ್ತೀಯ, ಅದಕ್ಕೇ ಹೀಗಾಗುತ್ತೆ, ಮನಸ್ಸು ಗಟ್ಟಿ ಮಾಡ್ಕೋ' ಎನ್ನುತ್ತಾರೆ. ಗಾಢವಾಗಿ ಮಲಗಿದವರಿಗೆ ಯೋಚನೆ ಎಲ್ಲಿಂದ ಬರಬೇಕು? ನಿದ್ದೆಯ ಪ್ರಯೋಗಾಲಯದಲ್ಲಿ ತಲೆಗೆ, ಎದೆಗೆ, ಕಣ್ಣಂಚಿಗೆ ತಂತಿ ಅಂಟಿಸಿ ರಾತ್ರಿಯಿಡೀ ದಾಖಲಿಸಿದಾಗ ಕಂಡದ್ದು ಇಷ್ಟು: ಈ ಅಟ್ಯಾಕ್ ಹೆಚ್ಚಾಗಿ ನಿದ್ದೆ ಹತ್ತಿದ ಒಂದರಿಂದ ಮೂರು ಗಂಟೆಯೊಳಗೆ, ನಿದ್ದೆ ಎರಡನೆಯ ಹಂತದಿಂದ ಗಾಢವಾದ ಮೂರನೆಯ ಹಂತಕ್ಕೆ ಇಳಿಯುವ ಹೊತ್ತಿನಲ್ಲಿ ಬರುತ್ತದೆ. ಸ್ಪಷ್ಟವಾದ, ಕಥೆಯಂಥ ಕನಸುಗಳು ಬೀಳುವ ರೆಮ್ ನಿದ್ದೆಯಲ್ಲಿ ಅದು ಅಪರೂಪ. ಅಮೆರಿಕದ ಮೆಲ್‌ಮನ್ ಮತ್ತು ಊಡೆ ಎಂಬ ಸಂಶೋಧಕರು 1989ರಲ್ಲಿ ಪ್ರಕಟಿಸಿದ ದಾಖಲೆಗಳಲ್ಲಿ ಇದು ಸ್ಪಷ್ಟವಾಯಿತು. ಈ ಒಂದು ಸಂಗತಿ ರೋಗಿಯ ಮೇಲಿನ ಆಪಾದನೆಯನ್ನು ಇಳಿಸುತ್ತದೆ. ಗಾಬರಿ ಮೊದಲು ದೇಹದಲ್ಲಿ ಏಳುತ್ತದೆ, ಮನಸ್ಸು ಎಚ್ಚರವಾಗಿ ಅದಕ್ಕೆ ಅರ್ಥ ಹುಡುಕುತ್ತದೆ.

ರಾತ್ರಿ ಬೆಚ್ಚಿ ಏಳುವುದೆಲ್ಲ ಪ್ಯಾನಿಕ್ ಅಟ್ಯಾಕ್ ಆಗಿರುವುದಿಲ್ಲ. ಇದರ ನೆರೆಹೊರೆಯ ಕಾಯಿಲೆಗಳನ್ನು ಮೊದಲು ಬಿಡಿಸಿಕೊಳ್ಳಬೇಕು.

ಕೆಟ್ಟ ಕನಸು ಬೀಳುವುದು ರೆಮ್ ನಿದ್ದೆಯಲ್ಲಿ. ಆ ನಿದ್ದೆ ರಾತ್ರಿಯ ಉತ್ತರಾರ್ಧದಲ್ಲಿ, ಬೆಳಗಿನ ಜಾವದತ್ತ ಹೆಚ್ಚು. ಕನಸು ಕಂಡವರಿಗೆ ಅದರ ಕಥೆ ನೆನಪಿರುತ್ತದೆ, ದೀಪ ಹಾಕಿದೊಡನೆ ಅದು ಕನಸೆಂಬುದೂ ತಿಳಿಯುತ್ತದೆ. ಮಕ್ಕಳು ರಾತ್ರಿ ಕಿಟಾರನೆ ಕಿರುಚಿ ಎದ್ದು, ಕಣ್ಣು ಬಿಟ್ಟುಕೊಂಡೇ ಅಮ್ಮನನ್ನೂ ಗುರುತಿಸದೆ ಒದ್ದಾಡುವುದು ಬೇರೆಯೇ ಸಂಗತಿ. ಅದು ನಿದ್ದೆಯ ಅತ್ಯಂತ ಗಾಢ ಹಂತದಲ್ಲಿ ಮಿದುಳು ಅರೆಬರೆ ಎಚ್ಚರಗೊಳ್ಳುವುದರಿಂದ ಬರುವ ನಿದ್ರಾಭೀತಿ. ಬೆಳಗ್ಗೆ ಮಗುವಿಗೆ ಏನೂ ನೆನಪಿರುವುದಿಲ್ಲ, ರಾತ್ರಿಯಿಡೀ ನಿದ್ದೆಗೆಟ್ಟು ಕುಗ್ಗಿರುವವರು ತಂದೆತಾಯಿ. ಇದನ್ನು ಬಾಲಗ್ರಹವೆಂದು, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವವರು ಇಂದಿಗೂ ಇದ್ದಾರೆ. ಮಗುವನ್ನು ಅಲುಗಾಡಿಸಿ ಎಬ್ಬಿಸದೆ, ಬಿದ್ದು ಪೆಟ್ಟಾಗದಂತೆ ನೋಡಿಕೊಂಡು, ತಾನಾಗಿ ಮತ್ತೆ ಮಲಗಲು ಬಿಡುವುದೇ ಸರಿ. ಬಹುಪಾಲು ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ತಾನಾಗಿಯೇ ನಿಲ್ಲುತ್ತದೆ. ಪ್ಯಾನಿಕ್ ಅಟ್ಯಾಕ್ ಬಂದವರಿಗಾದರೋ ಪೂರ್ತಿ ಎಚ್ಚರವಿರುತ್ತದೆ, ಆದದ್ದೆಲ್ಲ ವರ್ಷಗಳ ನಂತರವೂ ನೆನಪಿರುತ್ತದೆ.

ಮೂರನೆಯದು ಜನಪದದಲ್ಲಿ ದೆವ್ವ ಎದೆಯ ಮೇಲೆ ಕೂರುವುದೆಂದು ಹೆಸರಾದದ್ದು. ರೆಮ್ ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಆಡದಿರಲೆಂದು ಮಿದುಳು ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ. ಎಚ್ಚರವಾದ ಮೇಲೂ ಆ ಕಟ್ಟು ಕೆಲವು ಕ್ಷಣ ಬಿಡದಿದ್ದರೆ ಕಣ್ಣು ತೆರೆದಿದ್ದರೂ ಮೈ ಅಲುಗದು, ಕೂಗಲು ದನಿ ಬಾರದು, ಕೋಣೆಯಲ್ಲಿ ಯಾರೋ ನಿಂತಿದ್ದಾರೆಂದು ಅನಿಸುತ್ತದೆ, ಎದೆಯ ಮೇಲೆ ಭಾರ. ಲೋಕದ ನಾನಾ ಕಡೆಯ ಅಧ್ಯಯನಗಳನ್ನು ಕೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ ನೂರಕ್ಕೆ ಸುಮಾರು 8 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಈ ಅನುಭವ ಆಗಿರುತ್ತದೆಂದು ಕಂಡಿತು. ನಿದ್ದೆ ಹತ್ತುವ ಅಥವಾ ಬಿಡುವ ಅಂಚಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ, ಬಾಗಿಲು ತಟ್ಟಿದಂತೆ ಕೇಳಿಸುವುದೂ ಆರೋಗ್ಯವಂತರಲ್ಲಿ ಸಾಮಾನ್ಯ.

1990ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಮನೆ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದಲೋ ಬಣ್ಣದಿಂದಲೋ 'ನಾಳೆ ಬಾ' ಎಂದು ಬರೆದದ್ದನ್ನು ಆ ಕಾಲದವರು ಮರೆತಿಲ್ಲ. ರಾತ್ರಿ ಹೆಣ್ಣು ದೆವ್ವವೊಂದು ಮನೆಯವರದೇ ದನಿಯಲ್ಲಿ ಬಾಗಿಲು ತಟ್ಟಿ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ, ಬಾಗಿಲ ಮೇಲಿನ ಬರಹ ಓದಿ ಹಿಂದಿರುಗುತ್ತದೆ ಎಂಬುದು ಆ ವದಂತಿ. 2018ರ ಹಿಂದಿ ಚಿತ್ರ 'ಸ್ತ್ರೀ' ಕಥೆ ಹೆಣೆದದ್ದು ಇದನ್ನೇ ಎತ್ತಿಕೊಂಡು. ಒಂದು ವದಂತಿ ಊರಿಡೀ ಹಬ್ಬಿದ ಮೇಲೆ, ನಿದ್ದೆಯ ಅಂಚಿನಲ್ಲಿ ಕೇಳುವ ಸಾಮಾನ್ಯ ದನಿಗೂ ಎಲ್ಲರೂ ಒಂದೇ ಅರ್ಥ ಕೊಡತೊಡಗುತ್ತಾರೆ. ದೇಹದಲ್ಲಿ ಆದದ್ದಕ್ಕೆ ಸುತ್ತಲಿನ ಸಮಾಜ ಹೆಸರು ಕೊಡುತ್ತದೆ, ಆ ಹೆಸರಿನಿಂದ ಭಯದ ತೂಕ ಹೆಚ್ಚುತ್ತದೆ. ಇದೇ ಕ್ರಿಯೆ ಇಂದು ಬೇರೆ ರೂಪದಲ್ಲಿ ನಡೆಯುತ್ತಿರುವುದನ್ನು ಮುಂದೆ ನೋಡಬಹುದು.

ದೇಹದ ಕಾಯಿಲೆಗಳ ಸಾಲು ದೊಡ್ಡದು, ಪ್ರತಿಯೊಂದನ್ನೂ ವೈದ್ಯರು ನೆನೆಯಲೇಬೇಕು. ಜೋರಾಗಿ ಗೊರಕೆ ಹೊಡೆಯುವ, ಕತ್ತು ದಪ್ಪಗಿರುವ, ಹಗಲೆಲ್ಲ ತೂಕಡಿಸುವ ವ್ಯಕ್ತಿ ರಾತ್ರಿ ಉಸಿರುಗಟ್ಟಿ ಎದ್ದರೆ ಅದು ಸ್ಲೀಪ್ ಆಪ್ನಿಯ ಆಗಿರಬಹುದು. ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ನಿಜವಾಗಿಯೇ ನಿಂತಿರುತ್ತದೆ. ಮಲಗಿದರೆ ಉಸಿರುಕಟ್ಟಿ ಎದ್ದು ಕೂತರೆ ಹಗುರಾಗುವುದು, ಜೊತೆಗೆ ಕಾಲು ಊದಿಕೊಳ್ಳುವುದು ಹೃದಯದ ಸೋಲಿನ ಗುರುತು. ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ನಡುಗುತ್ತ ಬೆವರುತ್ತ ಎದ್ದರೆ ಮೊದಲು ರಕ್ತದ ಸಕ್ಕರೆ ನೋಡಬೇಕು, 70ಕ್ಕಿಂತ ಕೆಳಗಿದ್ದರೆ ತಕ್ಷಣ ಸಿಹಿ ಕೊಡಬೇಕು. ಅಸ್ತಮಾ ಬೆಳಗಿನ ಜಾವಕ್ಕೆ ಕೆರಳುತ್ತದೆ. ತಡವಾಗಿ ಉಂಡು ಮಲಗಿದವರಿಗೆ ಹೊಟ್ಟೆಯ ಆಮ್ಲ ಗಂಟಲಿಗೆ ನುಗ್ಗಿ ಕೆಮ್ಮು, ಉರಿ. ಥೈರಾಯ್ಡ್ ಹೆಚ್ಚಾದರೆ ಎದೆಬಡಿತ. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರಿಗೆ ಮೈ ಕಾವೇರಿ ಬೆವರಿ ಎಚ್ಚರವಾಗುವುದು ತೀರ ಸಾಮಾನ್ಯ. ಅದನ್ನು ಮನೆಯಲ್ಲಿ ಹೇಳಿಕೊಳ್ಳಲು ಸಂಕೋಚಪಟ್ಟು ವರ್ಷಗಟ್ಟಲೆ ಒಬ್ಬರೇ ಅನುಭವಿಸುತ್ತಾರೆ. ನಿದ್ದೆಯಲ್ಲಿ ಬರುವ ಕೆಲವು ಬಗೆಯ ಫಿಟ್ಸ್ ಕೂಡ ಭಯದ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ಮದ್ಯದ ಅಮಲಿನಲ್ಲಿ ಮಲಗಿದವರು ಅಮಲಿಳಿಯುವ ನಡುರಾತ್ರಿಯಲ್ಲಿ ಎದೆ ಬಡಿದುಕೊಂಡು ಏಳುತ್ತಾರೆ.

ನಿದ್ದೆಯಲ್ಲಿ ಸಾವು ಎಂಬುದು ಶುದ್ಧ ಕಲ್ಪನೆಯೇನೂ ಅಲ್ಲ. 1970ರ ದಶಕದ ಕೊನೆಯಿಂದ ಅಮೆರಿಕದಲ್ಲಿ ನೆಲೆಸಿದ ಲಾವೋಸ್‌ನ ಹ್ಮಾಂಗ್ ನಿರಾಶ್ರಿತರಲ್ಲಿ ಆರೋಗ್ಯವಂತ ಯುವಕರು ರಾತ್ರಿ ನಿದ್ದೆಯಲ್ಲಿ ಸಾಯತೊಡಗಿದರು. ಇಂಥ ಅನೇಕ ಸಾವುಗಳ ಹಿಂದೆ ಇರಬಹುದಾದ, ವಂಶದಲ್ಲಿ ಹರಿದು ಬರುವ ಹೃದಯದ ಲಯದ ದೋಷವನ್ನು ಬ್ರುಗಾಡ ಸಹೋದರರು 1992ರಲ್ಲಿ ಗುರುತಿಸಿದರು. ಇದು ಬಹಳ ಅಪರೂಪದ್ದು. ಆದರೂ ಮನೆತನದಲ್ಲಿ ಎಳೆಯ ವಯಸ್ಸಿನವರು ಹಠಾತ್ತನೆ ಸತ್ತಿದ್ದರೆ, ಅಟ್ಯಾಕ್ ವೇಳೆ ಎಚ್ಚರ ತಪ್ಪಿದ್ದರೆ, ಹೃದ್ರೋಗ ತಜ್ಞರ ಪರೀಕ್ಷೆಯನ್ನು ಮುಂದೂಡಬಾರದು.

ಈ ಗಾಬರಿಯನ್ನು ವೈದ್ಯಶಾಸ್ತ್ರ ಮೊದಲು ಕಂಡದ್ದೇ ಹೃದಯದ ಕಾಯಿಲೆಯೆಂದು. ಫಿಲಡೆಲ್ಫಿಯದ ವೈದ್ಯ ಜೇಕಬ್ ಡ ಕಾಸ್ಟ 1871ರಲ್ಲಿ ಅಮೆರಿಕದ ಅಂತರ್ಯುದ್ಧದ ಸುಮಾರು 300 ಸೈನಿಕರನ್ನು ವರ್ಣಿಸಿದ. ಎದೆ ಹೊಡೆದುಕೊಳ್ಳುವುದು, ಎದೆನೋವು, ಉಸಿರುಕಟ್ಟು, ಆದರೆ ಹೃದಯದಲ್ಲಿ ತಕ್ಕ ಕಾಯಿಲೆಯ ಗುರುತಿಲ್ಲ. ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಆತಂಕದ ಕಾಯಿಲೆಯನ್ನು ಬೇರೆಯಾಗಿ ವಿಂಗಡಿಸುವಾಗ, ದೊಡ್ಡವರು ರಾತ್ರಿ ಭಯದಿಂದ ಬೆಚ್ಚಿ ಏಳುವುದನ್ನೂ ಅದರ ಲಕ್ಷಣಗಳಲ್ಲಿ ಸೇರಿಸಿದ. ನಿರ್ಣಾಯಕ ತಿರುವು ಬಂದದ್ದು 1960ರ ಹೊತ್ತಿಗೆ, ನ್ಯೂಯಾರ್ಕ್‌ನ ಹಿಲ್‌ಸೈಡ್ ಆಸ್ಪತ್ರೆಯಲ್ಲಿ. ಡೊನಾಲ್ಡ್ ಕ್ಲೈನ್ ಎಂಬ ಮನೋವೈದ್ಯ ಕೆಲವು ರೋಗಿಗಳಿಗೆ ಇಮಿಪ್ರಮಿನ್ ಎಂಬ ಹೊಸ ಔಷಧ ಕೊಟ್ಟ. ಗುಣ ಕಂಡಿದೆಯೇ ಎಂದರೆ ರೋಗಿಗಳು ಇಲ್ಲವೆಂದರು. ವ್ಯತ್ಯಾಸ ಗಮನಿಸಿದವರು ದಾದಿಯರು: ದಿನಕ್ಕೆ ಹಲವು ಸಲ 'ಸಾಯುತ್ತಿದ್ದೇನೆ' ಎಂದು ತಮ್ಮ ಬಳಿ ಓಡಿ ಬರುತ್ತಿದ್ದವರು ಬರುವುದನ್ನು ನಿಲ್ಲಿಸಿದ್ದರು. ಥಟ್ಟನೆ ಏರುವ ಗಾಬರಿ ಒಂದು, ಸದಾ ಇರುವ ಆತಂಕ ಇನ್ನೊಂದು ಎಂಬುದು ಹೀಗೆ ತಿಳಿಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಪ್ಯಾನಿಕ್ ಡಿಸಾರ್ಡರ್ ಎಂಬುದನ್ನು ಪ್ರತ್ಯೇಕ ಕಾಯಿಲೆಯಾಗಿ ಒಪ್ಪಿಕೊಂಡಿತು.

ದೇಹ ಸುಮ್ಮಸುಮ್ಮನೆ ಹೀಗೇಕೆ ಕೂಗಿಕೊಳ್ಳುತ್ತದೆ? ಪ್ರಯೋಗಾಲಯದಲ್ಲಿ ಈ ಗಾಬರಿಯನ್ನು ಬೇಕೆಂದೇ ಉಂಟುಮಾಡಬಹುದು ಎಂಬುದು ಉತ್ತರದ ಮೊದಲ ಎಳೆ. ಪಿಟ್ಸ್ ಮತ್ತು ಮೆಕ್ಲೂರ್ 1967ರಲ್ಲಿ ಆತಂಕದ ರೋಗಿಗಳ ರಕ್ತನಾಳಕ್ಕೆ ಲ್ಯಾಕ್ಟೇಟ್ ದ್ರಾವಣ ಹರಿಸಿದಾಗ ಬಹುಪಾಲು ಜನರಿಗೆ ಅಟ್ಯಾಕ್ ಬಂತು, ಆರೋಗ್ಯವಂತರಲ್ಲಿ ಹಾಗಾದದ್ದು ಕಡಿಮೆ. ಶೇಕಡ 35 ಇಂಗಾಲದ ಡೈಆಕ್ಸೈಡ್ ಬೆರೆಸಿದ ಗಾಳಿಯನ್ನು ಒಮ್ಮೆ ಎಳೆದುಕೊಂಡರೂ ಇಂಥವರಲ್ಲಿ ಅನೇಕರಿಗೆ ಅಟ್ಯಾಕ್ ಬರುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ಉಸಿರುಗಟ್ಟುವ ಅಪಾಯವಿದೆಯೆಂದು ಎಚ್ಚರಿಸುವ ವ್ಯವಸ್ಥೆ ಮಿದುಳಿನ ಬುಡದಲ್ಲಿದೆ. ಕೆಲವರಲ್ಲಿ ಅದು ಅತಿ ಸೂಕ್ಷ್ಮವಾಗಿದ್ದು ಅಪಾಯವಿಲ್ಲದಾಗಲೂ ಕೂಗುತ್ತದೆ ಎಂಬುದು ಕ್ಲೈನ್ 1993ರಲ್ಲಿ ಮಂಡಿಸಿದ ಸಿದ್ಧಾಂತ. ನಿದ್ದೆ ಗಾಢವಾಗುತ್ತ ಹೋದಂತೆ ಉಸಿರಾಟ ನಿಧಾನವಾಗಿ, ರಕ್ತದ ಇಂಗಾಲದ ಡೈಆಕ್ಸೈಡ್ ಕೊಂಚ ಏರುವುದು ಎಲ್ಲರಲ್ಲೂ ಸಹಜ. ಎರಡನೆಯ ಹಂತ ದಾಟಿ ಮೂರನೆಯದಕ್ಕೆ ಇಳಿಯುವ ಹೊತ್ತೇ ಅಟ್ಯಾಕಿನ ಹೊತ್ತು ಆಗಿರುವುದಕ್ಕೆ ಈ ಸಿದ್ಧಾಂತ ಒಂದು ಕಾರಣ ಒದಗಿಸುತ್ತದೆ.

ಇನ್ನೂ ಬೆರಗು ಹುಟ್ಟಿಸುವ ಸಾಕ್ಷ್ಯ 2013ರಲ್ಲಿ ಅಮೆರಿಕದ ಅಯೋವದಿಂದ ಬಂತು. ಭಯದ ಕೇಂದ್ರವೆಂದು ಹೆಸರಾದ ಮಿದುಳಿನ ಅಮಿಗ್ಡಲ ಎಂಬ ಭಾಗ ಎರಡೂ ಬದಿ ನಾಶವಾಗುವ ಅಪರೂಪದ ಕಾಯಿಲೆಯೊಂದಿದೆ. ಅದಿರುವ ಮೂವರು ಹೆಂಗಸರಿಗೆ ಸಂಶೋಧಕರು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಕೊಟ್ಟರು. ಅವರಲ್ಲೊಬ್ಬಳು ಹಾವು, ಜೇಡ, ಭೂತಬಂಗಲೆ ಯಾವುದಕ್ಕೂ ಹೆದರದವಳೆಂದು ಎಷ್ಟೋ ವರ್ಷಗಳ ಪರೀಕ್ಷೆಯಿಂದ ತಿಳಿದಿತ್ತು. ಆ ಗಾಳಿ ಎಳೆದೊಡನೆ ಮೂವರಿಗೂ ಪೂರ್ಣ ಪ್ಯಾನಿಕ್ ಅಟ್ಯಾಕ್ ಬಂತು. ಹೊರಗಿನ ಅಪಾಯ ಕಂಡು ಹೆದರುವುದಕ್ಕೂ ದೇಹದ ಒಳಗಿನಿಂದ ಏಳುವ ಗಾಬರಿಗೂ ದಾರಿಗಳು ಬೇರೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಧೈರ್ಯಶಾಲಿಗಳಿಗೆ ಈ ಕಾಯಿಲೆ ಬರದೆಂಬ ನಂಬಿಕೆ ಇದರ ಮುಂದೆ ನಿಲ್ಲುವುದಿಲ್ಲ.

ಹಾಗೆಂದು ಮನಸ್ಸಿನ ಪಾತ್ರ ಇಲ್ಲವೆಂದಲ್ಲ. ಮೊದಲ ಕಿಡಿ ದೇಹದ್ದು, ಅದನ್ನು ಬೆಂಕಿಯಾಗಿಸುವುದು ಅರ್ಥೈಸುವಿಕೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದಂತೆ, ಎದೆ ಕೊಂಚ ವೇಗವಾಗಿ ಬಡಿದದ್ದನ್ನು 'ಹಾರ್ಟ್ ಅಟ್ಯಾಕ್' ಎಂದು ಓದಿಕೊಂಡರೆ ಭಯ ಏರುತ್ತದೆ, ಭಯದಿಂದ ಬಡಿತ ಇನ್ನೂ ಏರುತ್ತದೆ, ಅದು ಅಪಾಯಕ್ಕೆ ಹೊಸ ಪುರಾವೆಯಾಗುತ್ತದೆ. ವೇಗವಾಗಿ ಉಸಿರಾಡುವುದರಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ತಲೆ ತಿರುಗುತ್ತದೆ, ತುಟಿಯ ಸುತ್ತ ಮತ್ತು ಬೆರಳಲ್ಲಿ ಜುಮ್ಮು, ಕೆಲವೊಮ್ಮೆ ಕೈ ಸೆಟೆದುಕೊಳ್ಳುವುದೂ ಉಂಟು. ಮಿಶೆಲ್ ಕ್ರಾಸ್ಕೆ ಎಂಬ ಮನೋವಿಜ್ಞಾನಿಯ ತಂಡ ಈ ರೋಗಿಗಳ ನಿದ್ದೆಯನ್ನೇ ಅಧ್ಯಯನ ಮಾಡಿತು. ರಾತ್ರಿ ದೇಹದಲ್ಲಿ ಏರಿಳಿತಗಳು ಆಗುವುದು ಸಹಜವೆಂದು ಮೊದಲೇ ತಿಳಿದು ಮಲಗಿದವರಿಗಿಂತ, ಹಾಗೆ ನಿರೀಕ್ಷಿಸದೆ ಮಲಗಿದವರು ಎಬ್ಬಿಸಿದಾಗ ಹೆಚ್ಚು ಗಾಬರಿಗೊಂಡರು. ಚಿಕಿತ್ಸೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಕಾಯಿಲೆ ಬೇರುಬಿಡುವುದು ಮೊದಲ ಅಟ್ಯಾಕಿನ ನಂತರದ ದಿನಗಳಲ್ಲಿ. ಮಲಗಿದರೆ ಮತ್ತೆ ಬಂದೀತೆಂದು ಟಿವಿ ಮುಂದೆ ಕುಳಿತು ರಾತ್ರಿ ಒಂದರವರೆಗೆ ಎಚ್ಚರವಿರುವುದು, ದೀಪ ಹಾಕಿಯೇ ಮಲಗುವುದು, ಒಬ್ಬರೇ ಮಲಗಲು ಒಪ್ಪದಿರುವುದು, ದಿಂಬಿನ ಪಕ್ಕ ಹೃದಯದ ನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಮಾತ್ರೆ, ಮಂಚದ ಬಳಿ ಬಿಪಿ ಯಂತ್ರ, ಕೈಗೆ ಬಡಿತ ತೋರಿಸುವ ಗಡಿಯಾರ. ನಿದ್ದೆ ಕೆಟ್ಟಷ್ಟೂ ಮರುದಿನದ ಅಟ್ಯಾಕ್ ಸುಲಭವಾಗುತ್ತದೆ. ಗಡಿಯಾರ ನೋಡಿದಾಗಲೆಲ್ಲ ಬಡಿತ ಕೊಂಚ ಏರಿರುತ್ತದೆ, ಏಕೆಂದರೆ ನೋಡುವುದೇ ಆತಂಕ. ರಾತ್ರಿ ಭಯಪಟ್ಟು ಎದ್ದವರಿಗೆ ಬೆಂಗಳೂರಿನ ಮನೆಗಳಲ್ಲಿ ಮೊದಲು ಕೇಳುವ ಮಾತು 'ಗ್ಯಾಸ್ ಇರಬೇಕು'. ಒಂದು ಲೋಟ ಜೀರಿಗೆ ನೀರು, ಒಂದು ಪ್ಯಾಂಟಪ್ರಜೋಲ್. ಗ್ಯಾಸ್ಟ್ರಿಕ್ ಎಂಬ ಹೆಸರಿನಲ್ಲಿ ಎಷ್ಟೋ ವರ್ಷ ಆಮ್ಲದ ಮಾತ್ರೆ ನುಂಗುತ್ತಿರುವ ಅನೇಕರಿಗೆ ನಿಜವಾಗಿ ಇರುವುದು ಪ್ಯಾನಿಕ್ ಡಿಸಾರ್ಡರ್.

ದಕ್ಷಿಣ ಬೆಂಗಳೂರಿನವರಿಗೆ ಎದೆಯ ಭಯ ಬಂದರೆ ದಾರಿ ಗೊತ್ತಿದ್ದದ್ದೇ: ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ. ಬನಶಂಕರಿ, ಪದ್ಮನಾಭನಗರ, ಜೆ.ಪಿ. ನಗರಗಳಿಂದ ನಡುರಾತ್ರಿ ಆಟೋದಲ್ಲೋ ಕಾರಿನಲ್ಲೋ ಅಲ್ಲಿಗೆ ಹೋಗಿ ಇಸಿಜಿ ಮಾಡಿಸಿಕೊಂಡು, ಏನೂ ಇಲ್ಲವೆಂದು ಬೆಳಗಿನ ಜಾವ ಹಿಂದಿರುಗಿದ ಕುಟುಂಬಗಳು ಕಡಿಮೆಯಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡಿನ ದುಃಖದ ಜೊತೆಗೆ ಭಯವೂ ಹರಡಿತು. ವ್ಯಾಯಾಮ ಮಾಡುವ, ಕಟ್ಟುಮಸ್ತಾದ ಮನುಷ್ಯನಿಗೇ ಹೀಗಾದರೆ ತಮ್ಮ ಗತಿಯೇನೆಂದು ಪರೀಕ್ಷೆಗೆ ಬಂದವರಿಂದ ಜಯದೇವದ ಹೊರರೋಗಿ ವಿಭಾಗ ತುಂಬಿತು. 2025ರ ಜೂನ್ ಮತ್ತು ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ ಬೆಂಗಳೂರು ಮತ್ತು ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲು. ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳನ್ನು ಪರಿಶೀಲಿಸಿ, ಅವುಗಳ ಸಂಖ್ಯೆಯಲ್ಲಿ ಅಸಹಜ ಏರಿಕೆ ಕಂಡಿಲ್ಲವೆಂದು ವರದಿ ಕೊಟ್ಟಿತು. ಆದರೆ ಆ ವರದಿಗಿಂತ ಮೊಬೈಲಿನಲ್ಲಿ ಓಡಾಡಿದ ವಿಡಿಯೋಗಳೇ ಹೆಚ್ಚು ಮನೆಗಳನ್ನು ತಲುಪಿದವು. 'ನಾಳೆ ಬಾ' ಕಾಲದಲ್ಲಿ ಬಾಗಿಲು ತಟ್ಟುವ ಸದ್ದಿಗೆ ಸಿಕ್ಕ ಅರ್ಥ ಈಗ ಎದೆಬಡಿತಕ್ಕೆ ಸಿಕ್ಕಿದೆ.

ಕೋವಿಡ್ ಇದಕ್ಕೆ ಮೊದಲೇ ನೆಲ ಹದ ಮಾಡಿತ್ತು. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬನಶಂಕರಿಯ ವಿದ್ಯುತ್ ಚಿತಾಗಾರ ನಗರದಲ್ಲಿ ಕೋವಿಡ್ ಮೃತರಿಗೆ ಮೀಸಲಾದವುಗಳಲ್ಲಿ ಒಂದಾಗಿತ್ತು. ಆಂಬುಲೆನ್ಸುಗಳು ಹೊರಗೆ ಸಾಲುಗಟ್ಟಿ ಕಾದವು. ಸುತ್ತಲಿನ ಮನೆಗಳವರು ಸೈರನ್ ಕೇಳುತ್ತಲೇ ಮಲಗಿದರು, ಕೇಳುತ್ತಲೇ ಎದ್ದರು. ಪ್ರತಿ ಮನೆಯಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಗಂಟೆಗೊಮ್ಮೆ ಉಸಿರಿನ ಲೆಕ್ಕ. ತಮ್ಮ ಉಸಿರನ್ನು ತಾವೇ ಕಾವಲು ಕಾಯುವ ಅಭ್ಯಾಸ ಅಂದು ಅಗತ್ಯವಾಗಿತ್ತು. ಕಾಯಿಲೆ ಹೋದ ಮೇಲೂ ಕಾವಲು ಬಿಡಲಾಗದವರಿಗೆ ಅದೇ ರೋಗವಾಯಿತು.

ಹಾಗಾದರೆ ಆಸ್ಪತ್ರೆಗೆ ಓಡುವುದು ತಪ್ಪೇ? ಮೊದಲ ಸಲ ಓಡಲೇಬೇಕು. ಎದೆನೋವು ಎಡತೋಳಿಗೋ ದವಡೆಗೋ ಹರಿದರೆ, ನಡೆದಾಗ ಹೆಚ್ಚಿ ಕೂತಾಗ ಇಳಿದರೆ, ಇಪ್ಪತ್ತು ನಿಮಿಷ ಕಳೆದರೂ ಬಿಡದಿದ್ದರೆ, ಎಚ್ಚರ ತಪ್ಪಿದರೆ, ವಯಸ್ಸು ನಲವತ್ತು ದಾಟಿ ಸಕ್ಕರೆ, ಬಿಪಿ, ಬೀಡಿ ಸಿಗರೇಟು ಇದ್ದರೆ 108ಕ್ಕೆ ಕರೆ ಮಾಡಿ ಹೋಗುವುದೇ ವಿವೇಕ. ಪುನೀತ್ ಅವರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ನಡೆಸುತ್ತಿರುವ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಜಯದೇವದಂಥ ಕೇಂದ್ರಗಳ ಸಲಹೆ ಪಡೆದು, ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡುವ ವ್ಯವಸ್ಥೆಯಿದೆ. ಇಸಿಜಿ, ರಕ್ತದ ಟ್ರೊಪೊನಿನ್, ಥೈರಾಯ್ಡ್, ಸಕ್ಕರೆ, ಬೇಕೆನಿಸಿದರೆ ಎಕೋ ಮತ್ತು ನಿದ್ದೆಯ ಪರೀಕ್ಷೆ ಒಮ್ಮೆ ಸರಿಯಾಗಿ ಆಗಬೇಕು. ಹಾನಿ ಶುರುವಾಗುವುದು ಅದೇ ಪರೀಕ್ಷೆ ಎರಡನೆಯ, ಐದನೆಯ, ಹತ್ತನೆಯ ಸಲ ಆಗುವಾಗ. ಪ್ರತಿ ಇಸಿಜಿ ಎರಡು ದಿನದ ನೆಮ್ಮದಿ ಕೊಟ್ಟು, ಮೂರನೆಯ ದಿನ 'ಅಂದು ತಪ್ಪಿಹೋಗಿದ್ದರೆ?' ಎಂಬ ಸಂಶಯ ಉಳಿಸುತ್ತದೆ. 'ಏನೂ ಇಲ್ಲ, ಮನೆಗೆ ಹೋಗಿ' ಎಂದು ಕಳಿಸುವ ವೈದ್ಯರೂ ಇದರಲ್ಲಿ ಪಾಲುದಾರರು. ಹೃದಯದಲ್ಲಿ ಏನೂ ಇಲ್ಲ ಎಂಬುದು ನಿಜ, ಕಾಯಿಲೆ ಇಲ್ಲ ಎಂಬುದು ಸುಳ್ಳು. 'ನಿಮಗಿರುವುದು ಪ್ಯಾನಿಕ್ ಡಿಸಾರ್ಡರ್, ಪ್ರಾಣಾಪಾಯವಿಲ್ಲ, ಇದಕ್ಕೆ ಮದ್ದಿದೆ' ಎಂಬ ಮೂರು ಮಾತು ಆ ರಾತ್ರಿಯೇ ರೋಗಿಯ ಕಿವಿಗೆ ಬಿದ್ದರೆ ಎಷ್ಟೋ ವರ್ಷಗಳ ಅಲೆದಾಟ ಉಳಿಯುತ್ತದೆ.

ಚಿಕಿತ್ಸೆಯಲ್ಲಿ ಎರಡು ದಾರಿ ದೃಢಪಟ್ಟಿವೆ. ಒಂದು, ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮನಶ್ಚಿಕಿತ್ಸೆ. ವಾರಕ್ಕೊಂದರಂತೆ ಹನ್ನೆರಡರ ಆಸುಪಾಸಿನ ಭೇಟಿಗಳಲ್ಲಿ ಗಾಬರಿಯ ಯಂತ್ರವನ್ನು ರೋಗಿಗೆ ಬಿಡಿಸಿ ತೋರಿಸಲಾಗುತ್ತದೆ. ಆಮೇಲೆ ಭಯ ಹುಟ್ಟಿಸುವ ಸಂವೇದನೆಗಳನ್ನು ರೋಗಿ ತಾನೇ ಬರಿಸಿಕೊಳ್ಳುತ್ತಾನೆ: ಮೆಟ್ಟಿಲು ಹತ್ತಿಳಿದು ಎದೆಬಡಿತ ಏರಿಸಿಕೊಳ್ಳುವುದು, ಕುರ್ಚಿಯಲ್ಲಿ ತಿರುಗಿ ತಲೆಸುತ್ತು ಬರಿಸಿಕೊಳ್ಳುವುದು, ಸಣ್ಣ ಸ್ಟ್ರಾ ಮೂಲಕ ಉಸಿರಾಡಿ ಉಸಿರುಕಟ್ಟನ್ನು ಅನುಭವಿಸುವುದು. ಎದೆ ಎಷ್ಟು ಹೊಡೆದುಕೊಂಡರೂ ಏನೂ ಆಗುವುದಿಲ್ಲವೆಂದು ದೇಹ ಮತ್ತೆ ಮತ್ತೆ ಕಂಡುಕೊಳ್ಳುತ್ತದೆ. ರಾತ್ರಿಯ ಅಟ್ಯಾಕ್ ಇರುವವರು ಅಲಾರಂ ಇಟ್ಟು ನಡುರಾತ್ರಿ ಎದ್ದು, ಆ ಹೊತ್ತಿನ ದೇಹಸ್ಥಿತಿಯನ್ನು ಗಮನಿಸಿ ಮತ್ತೆ ಮಲಗುವ ಅಭ್ಯಾಸವನ್ನೂ ಮಾಡಬೇಕಾಗಬಹುದು. ದೀಪ, ಮಾತ್ರೆ, ಬಿಪಿ ಯಂತ್ರಗಳನ್ನು ಒಂದೊಂದಾಗಿ ಮಂಚದಿಂದ ದೂರ ಸರಿಸುವುದು ಕೊನೆಯ ಪಾಠ.

ಇನ್ನೊಂದು ದಾರಿ ಔಷಧ. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಪ್ಯಾರೊಕ್ಸೆಟಿನ್ ಮೊದಲಾದವು ಗುಣ ತೋರಿಸಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಚಡಪಡಿಕೆ ಕೊಂಚ ಹೆಚ್ಚುವುದರಿಂದ ಕಡಿಮೆ ಪ್ರಮಾಣದಲ್ಲಿ ಶುರುಮಾಡುತ್ತಾರೆ. ಇದನ್ನು ಮೊದಲೇ ಹೇಳದೆ ಕೊಟ್ಟರೆ ರೋಗಿ ಮೂರನೆಯ ದಿನಕ್ಕೇ ನಿಲ್ಲಿಸಿಬಿಡುತ್ತಾನೆ. ಗುಣವಾದ ಮೇಲೂ ಸುಮಾರು ಒಂದು ವರ್ಷ ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸಬೇಕು. ಆಲ್ಪ್ರಜೋಲಾಮ್, ಕ್ಲೊನಜೆಪಾಮ್ ಅರ್ಧ ಗಂಟೆಯಲ್ಲಿ ಶಾಂತಿ ಕೊಡುತ್ತವೆ. ಆದ್ದರಿಂದಲೇ ಅವು ಜನಪ್ರಿಯ, ಅಭ್ಯಾಸವಾದರೆ ಬಿಡುವುದು ಕಷ್ಟವಾಗುವುದೂ ಅವೇ. ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ನುಂಗುತ್ತಿರುವವರು ಥಟ್ಟನೆ ನಿಲ್ಲಿಸಿದರೆ ಗಾಬರಿ ಇಮ್ಮಡಿಯಾಗಿ ಬರುತ್ತದೆ, ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಣಳತೆಯಲ್ಲೇ ಇಳಿಸಬೇಕು. ಅಮೆರಿಕದ ನಾಲ್ಕು ಕೇಂದ್ರಗಳಲ್ಲಿ 312 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಮಿಪ್ರಮಿನ್ ಮತ್ತು ಮನಶ್ಚಿಕಿತ್ಸೆ ಎರಡೂ ಫಲ ಕೊಟ್ಟವು. ಚಿಕಿತ್ಸೆ ನಿಲ್ಲಿಸಿದ ಮೇಲೂ ಫಲ ಹೆಚ್ಚು ಉಳಿದದ್ದು ಮನಶ್ಚಿಕಿತ್ಸೆ ಪಡೆದವರಲ್ಲಿ.

ದಿನಚರಿಯ ಸಣ್ಣ ಸಂಗತಿಗಳಿಗೂ ಇಲ್ಲಿ ಬೆಲೆಯಿದೆ. ಪ್ಯಾನಿಕ್ ಡಿಸಾರ್ಡರ್ ಇರುವವರಲ್ಲಿ ಕೆಫೀನ್ ಅಟ್ಯಾಕನ್ನು ಕೆರಳಿಸುತ್ತದೆ ಎಂಬುದು ಪ್ರಯೋಗಗಳಿಂದ ಖಚಿತ. ಕುಡಿದದ್ದರ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ದರ್ಶಿನಿಯಲ್ಲಿ ಕುಡಿದ ಸ್ಟ್ರಾಂಗ್ ಕಾಫಿ ನಡುರಾತ್ರಿಗೂ ರಕ್ತದಲ್ಲಿರುತ್ತದೆ. ಬೇರೆ ದೇಶಗಳ ಗಡಿಯಾರಕ್ಕೆ ತಕ್ಕಂತೆ ರಾತ್ರಿಪಾಳಿ ಮಾಡುವ ಬೆಂಗಳೂರಿನ ಸಾವಿರಾರು ಉದ್ಯೋಗಿಗಳಿಗೆ ನಿದ್ದೆಯ ಹೊತ್ತೇ ಗೊತ್ತಿಲ್ಲ. ಅವರಿಗೆ ಪಾಳಿ ಬದಲಿಸಿಕೊಡುವುದೂ ಚಿಕಿತ್ಸೆಯ ಭಾಗವೇ.

ಎಲ್ಲಿಗೆ ಹೋಗಬೇಕೆಂಬ ವಿಷಯದಲ್ಲಿ ಬನಶಂಕರಿಯ ಸುತ್ತಲಿನವರು ಅದೃಷ್ಟವಂತರು. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಹೊಸೂರು ರಸ್ತೆಯಲ್ಲಿದೆ. ಅಲ್ಲಿನ ದೊಡ್ಡ ಗೇಟು ದಾಟಲು ಹಿಂಜರಿಯುವವರಿಗೆ ಬಿ.ಟಿ.ಎಂ. ಲೇಔಟ್‌ನಲ್ಲಿ ಅದರದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಬೇರೆ ಊರುಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಕನ್ನಡದಲ್ಲಿ ಓದಲು ಬಯಸುವವರಿಗೆ ಸಾಹಿತ್ಯವೂ ಇದೆ. ಹಾಸ್ಯಪತ್ರಿಕೆ 'ಕೊರವಂಜಿ'ಯ ರಾಶಿ ಎಂದೇ ಹೆಸರಾದ ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ ಅವರ 'ಮನಮಂಥನ' 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಿಮ್ಹಾನ್ಸ್‌ನಲ್ಲಿ ದುಡಿದು 2024ರಲ್ಲಿ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ದೆವ್ವ ಮೈಮೇಲೆ ಬರುವುದರಿಂದ ಹಿಡಿದು ನಿದ್ದೆಗೇಡಿನವರೆಗೆ ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದಿದ್ದಾರೆ.

1915ರಲ್ಲಿ ಕಟ್ಟಿದ ಬನಶಂಕರಿ ಅಮ್ಮನ ಗುಡಿಯಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುವವರಲ್ಲಿ ಇಂಥ ಭಯ ಹೊತ್ತು ಬಂದವರೂ ಇರುತ್ತಾರೆ. ಆ ದೀಪಕ್ಕೂ ಚಿಕಿತ್ಸೆಗೂ ವಿರೋಧವಿಲ್ಲ. ನಂಬಿಕೆ ಕೊಡುವ ಆಸರೆ ನಿಜವಾದದ್ದು, ವೈದ್ಯರ ಬಳಿಗೆ ಹೋಗುವುದನ್ನು ಅದು ತಡಮಾಡದಿದ್ದರೆ ಸಾಕು.

ಅಟ್ಯಾಕ್ ಬಂದ ಆ ಅರ್ಧ ಗಂಟೆಯಲ್ಲಿ ಪಕ್ಕದಲ್ಲಿರುವವರು ಮಾಡಬೇಕಾದದ್ದು ಸ್ವಲ್ಪವೇ. ಕಾಯಿಲೆ ಯಾವುದೆಂದು ವೈದ್ಯರಿಂದ ಮೊದಲೇ ಖಚಿತವಾಗಿದ್ದರೆ ಮನೆಮಂದಿಯನ್ನೆಲ್ಲ ಎಬ್ಬಿಸುವುದು ಬೇಡ. ಮುಖಕ್ಕೆ ಪ್ಲಾಸ್ಟಿಕ್ ಅಥವಾ ಕಾಗದದ ಚೀಲ ಹಿಡಿಯುವ ಹಳೆಯ ಉಪಾಯ ಅಪಾಯಕಾರಿ, ಅದನ್ನು ಈಗ ಸಾಮಾನ್ಯವಾಗಿ ಸೂಚಿಸುವುದಿಲ್ಲ. ಪಕ್ಕದಲ್ಲಿ ಕುಳಿತು, ಇದು ಏರಿದಂತೆಯೇ ಇಳಿಯುತ್ತದೆಂದು ನಿಧಾನವಾದ ದನಿಯಲ್ಲಿ ಒಂದೆರಡು ಸಲ ಹೇಳಿ, ಉಸಿರನ್ನು ಆಳವಾಗಿ ಎಳೆಯುವ ಬದಲು ನಿಧಾನವಾಗಿ ಹೊರಬಿಡಲು ಹೇಳಬೇಕು. ಬೇಕಿದ್ದರೆ ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ಹಾಕಲಿ. 'ನಿನಗೇನೂ ಆಗಿಲ್ಲ' ಎಂಬ ಮಾತು ಬೇಡ, ಆ ಕ್ಷಣದಲ್ಲಿ ಅವರಿಗೆ ಆಗುತ್ತಿರುವುದು ಬಹಳ. ಗುಣವಾದ ಮೇಲೂ ನಿದ್ದೆಗೆಟ್ಟ ವಾರದಲ್ಲೋ, ಮನೆಯಲ್ಲಿ ಸಾವುನೋವಾದಾಗಲೋ, ಬಾಣಂತನದಲ್ಲೋ ಒಂದು ಅಟ್ಯಾಕ್ ಮರಳಿ ಬರಬಹುದು. ಅದನ್ನು ಚಿಕಿತ್ಸೆಯ ಸೋಲೆಂದು ತಿಳಿಯದೆ, ಹಿಂದೆ ಕಲಿತ ಅಭ್ಯಾಸಗಳನ್ನು ಮತ್ತೆ ಕೆಲವು ವಾರ ಮಾಡಿದರೆ ಬಹಳ ಮಂದಿಗೆ ಅಷ್ಟರಲ್ಲೇ ಹತೋಟಿಗೆ ಬರುತ್ತದೆ. ಹತೋಟಿಗೆ ಬಾರದೆ ತಿಂಗಳು ದಾಟಿದರೆ ಮೊದಲು ನೋಡಿದ ವೈದ್ಯರ ಬಳಿಗೇ, ಹಳೆಯ ಚೀಟಿಗಳೊಂದಿಗೆ, ಮತ್ತೆ ಹೋಗಬೇಕು.